ಘಟದ ಸಸಿಗೆ ನೀರು

ಹೊಳೆಯ ದಂಡೆ, ಒಂದು ಬೇವಿನ ಮರ, ಮರದ ಕೆಳಗೆ ಎರಡು ಕೋಣೆ. ನಿರುಪಾದಿ ಅಜ್ಜನ ಆಶ್ರಮ ಅಂದರೆ ಇಷ್ಟೇ. ಇದಕ್ಕಿಂತ ದೊಡ್ಡದು ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ನವರಾತ್ರಿ ಬಂದಾಗ ಅಲ್ಲಿ ಘಟ ಕೂರಿಸುತ್ತಿದ್ದರು. ಎಲೆ ಹೆಣೆದ ಪತ್ರಾವಳಿಯ ಮೇಲೆ ಹೊಳೆಯ ಕರಿಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ತುಂಬಿದ ಕೊಡ ಇಡುವುದು. ಹಬ್ಬ ಬೆಳೆದಂತೆ ಸಸಿಯೂ ಬೆಳೆಯುತ್ತದೆ. ದಸರೆಯ ದಿನ ಬೆಳಗಿನ ಜಾವ ಒಬ್ಬರು ಹೊಳೆಯಲ್ಲಿ ನಿಂತು ದೇವಿಯ, ಅಂದರೆ ಅವ್ವನ, ಪದ ಹಾಡಬೇಕು. ಪದ ಆದ ಮೇಲೆಯೇ ಸಸಿ ಕೀಳುವುದು, ಮನೆಮನೆಗೆ ಹಂಚುವುದು.

ಯಾವಾಗಲೂ ಅಜ್ಜನೇ ಹಾಡುತ್ತಿದ್ದ. ಈ ವರ್ಷ ಅವನಿಗೆ ಉಸಿರು ಸಾಲುತ್ತಿರಲಿಲ್ಲ.

“ಈ ಸಲ ನೀ ಹಾಡು,” ಅಂದ ಅಜ್ಜ, ತನ್ನ ಶಿಷ್ಯ ಕರಿಬಸುವಿಗೆ.

ಕರಿಬಸುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಈ ಒಂದು ಮಾತಿಗಾಗಿ ಅವನು ವರ್ಷಗಟ್ಟಲೆ ಕಾದಿದ್ದ.

ಹಬ್ಬ ಶುರುವಾಯಿತು. ಮನೆಮನೆಯಿಂದ ಆಶ್ರಮಕ್ಕೆ ಕರೆ ಬಂತು. ಅಜ್ಜ ಘಟದ ಹತ್ತಿರ ಕೂತ, ಕರಿಬಸು ಊರೊಳಗೆ ಹೋದ. ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಕಡಬು, ಮುಂದಿನದರಲ್ಲಿ ಕರ್ಚೀಕಾಯಿ. “ಅವ್ವನ ಪ್ರಸಾದ, ಸಾಕು ಅನ್ನಬಾರದು” ಅಂತ ಎಲ್ಲರೂ ಬಡಿಸಿದರು.

“ಆ ಮನ್ಯಾಗ ಮೂರು ಹೋಳಿಗಿ ಉಂಡೀಯಂತ. ನಮ್ಮನ್ಯಾಗ ಎರಡ ಯಾಕ?” ಅಂತ ಒಬ್ಬಳು ಕೇಳಿದಳು. ಅವಳ ಸಮಾಧಾನಕ್ಕೆ ಇನ್ನೊಂದು ಉಂಡ. ರಾತ್ರಿ ಭಜನೆಗೆ ಕರೆದರು, ಬೆಳತನಕ ಕೂತ. ಪುಣ್ಯಾತ್ಮ, ಯಾವುದಕ್ಕಾದರೂ ಒಲ್ಲೆ ಅಂದಿದ್ದರೆ ಕೇಳಿ.

ಹಬ್ಬ ಅರ್ಧ ಆಗುವಷ್ಟರಲ್ಲಿ ಅವನ ಮೈ ಭಾರ, ಕಣ್ಣು ಉರಿ. ಪದ ಹಾಡಿಕೊಳ್ಳಲು ಕೂತರೆ ದನಿಯೇ ಏಳಲಿಲ್ಲ. ಹೊಳೆಯ ಮೇಲಿಂದ ತಂಪು ಗಾಳಿ ಬರುತ್ತಿತ್ತು, ಅವನಿಗೆ ಮಾತ್ರ ಬೆವರು. ಈ ಹಬ್ಬ ಒಮ್ಮೆ ಮುಗಿದರೆ ಸಾಕಪ್ಪಾ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ಅಳು ಬಂತು.

ಅಜ್ಜನ ಹತ್ತಿರ ಹೋದ.

“ಅಜ್ಜಾರ, ದನಿ ಬಿದ್ದೈತ್ರಿ. ಏನರ ಕಷಾಯ ಹೇಳ್ರಿ.”

“ನಿನಗ ಹಸಿವಾಗಿ ಎಷ್ಟು ದಿನ ಆತೋ?”

ಕರಿಬಸು ಯೋಚಿಸಿದ. “ಹಸಿವೇನ್ರಿ? ನೆನಪಿಲ್ರಿ.”

“ಅಷ್ಟ ಕೇಳಾಕಿದ್ದೆ. ಇವತ್ತು ಎಲ್ಲಿಗೂ ಹೋಗಬ್ಯಾಡ. ನನ್ನ ಜಾಗಾದಾಗ ಕೂಡು. ಸಸಿ ನೋಡ್ಕೋ.”

“ಮತ್ತ ಕಷಾಯ?”

ಅಜ್ಜ ಆಗಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ.

ಕರಿಬಸು ಘಟದ ಮುಂದೆ ಕೂತ. ಸಸಿ ಬೆರಳುದ್ದ ಎದ್ದಿತ್ತು. ಊದುಬತ್ತಿಯ ಹೊಗೆ ಅದರ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ನೋಡುತ್ತ ನೋಡುತ್ತ, ತಾನೂ ಆ ಎಳೆ ಹಸಿರಿನ ನಡುವೆ ಎಲ್ಲೋ ನಡೆಯುತ್ತಿದ್ದೇನೆ ಅನ್ನಿಸಿತು ಅವನಿಗೆ.

ಹೆಂಗಸರು ಬಂದರು. ಒಬ್ಬೊಬ್ಬರ ಕೈಯಲ್ಲೂ ಹೊಳೆಯ ನೀರಿನ ತಂಬಿಗೆ. ಒಬ್ಬಳು ಎರೆದಳು, ಹಿಂದೆಯೇ ಇನ್ನೊಬ್ಬಳು ಎರೆದಳು. ಭಕ್ತಿಯಿಂದ ಹೊತ್ತು ತಂದ ನೀರು, ಬೇಡ ಅನ್ನುವುದು ಹೇಗೆ? ಕರಿಬಸು ಎಲ್ಲರಿಗೂ ಸರಿದು ಜಾಗ ಕೊಟ್ಟ.

ಮರುದಿನ ಬೆಳಿಗ್ಗೆ ನೋಡಿದರೆ ಮಣ್ಣು ಕೆಸರಾಗಿತ್ತು. ಎಷ್ಟೋ ಸಸಿಗಳು ಬುಡದಲ್ಲಿ ಕೊಳೆತು ಒಂದರ ಮೇಲೊಂದು ಮಲಗಿದ್ದವು.

ದನಿ ಇಲ್ಲ, ಈಗ ಸಸಿಯೂ ಇಲ್ಲ. ಹೊಳೆಯಲ್ಲಿ ನಿಂತು ಊರಿಗೆ ಯಾವ ಮುಖ ತೋರಿಸುವುದು?

“ಅಜ್ಜಾರ, ಸಸಿ ಸಾಯಾಕತ್ಯಾವ್ರಿ. ನಾ ಯಾರನ್ನ ತಡೀಲ್ರಿ? ಎಲ್ಲಾರೂ ಭಕ್ತಿಲೇ ತಂದಿದ್ರು.”

“ಹೌದಪಾ. ಬೇರಿಗೆ ಅದು ಗೊತ್ತಾಗಲಿಲ್ಲ, ನೋಡು.”

ಅಜ್ಜ ಗೋಡೆ ಹಿಡಿದು ಎದ್ದು ಬಂದ. ಒಂದು ಕಡ್ಡಿ ತಗೊಂಡು ಪತ್ರಾವಳಿಯ ಅಡಿಗೆ ತೂತು ಮಾಡಿದ. ನೀರು ತೊಟ್ಟು ತೊಟ್ಟಾಗಿ ಇಳಿಯಿತು.

ಅಷ್ಟರಲ್ಲಿ ಶಿವಗಂಗವ್ವ ಬಂದಳು. ಊರಿನ ಹಿರಿಯ ಹೆಂಗಸು, ಮಾತು ಖಡಕ್ಕು. ಕೈಯಲ್ಲಿ ತುಂಬಿದ ತಂಬಿಗೆ.

ಅಜ್ಜ ಅವಳ ತಂಬಿಗೆಯಲ್ಲಿ ಬೆರಳು ಅದ್ದಿ, ಆ ಬೆರಳನ್ನು ಮಣ್ಣಿಗೆ ಮುಟ್ಟಿಸಿದ.

“ಅವ್ವಗ ಮುಟ್ಟಿತು, ತಂಗಿ. ಉಳಿದದ್ದು ಬೇವಿನ ಮರಕ್ಕ ಹಾಕು. ಅದಕ್ಕೂ ಹಬ್ಬ ಐತಿ.”

ಈಗ ಮುನಿಸಿಕೊಳ್ಳುತ್ತಾಳೆ ಅಂದುಕೊಂಡ ಕರಿಬಸು. ಶಿವಗಂಗವ್ವ ನಕ್ಕಳು. ಮರಕ್ಕೆ ನೀರು ಹಾಕಿ, ಅದರ ನೆರಳಲ್ಲಿ ಒಂದಿಷ್ಟು ಹೊತ್ತು ಕೂತಳು. ಹೋಗುವಾಗ ಕೂಗಿ ಹೇಳಿದಳು, “ನಾಳಿ ನಮ್ಮನಿಗೆ ಬಾ ತಮ್ಮಾ. ಹೋಳಿಗಿ ಮಾಡ್ತೀನಿ.”

ಮರುದಿನ ಕರಿಬಸು ಅವಳ ಮನೆಗೆ ಹೋದಾಗ ಅವಳು ತಟ್ಟೆ ತುಂಬ ಹೋಳಿಗೆ ತಂದಳು, ಮೇಲೆ ತುಪ್ಪ. ಕರಿಬಸು ಒಂದೇ ಒಂದು ಚೂರು ಕೈಗೆ ಇಸಕೊಂಡ. ಕಣ್ಣಿಗೆ ಒತ್ತಿಕೊಂಡು ತಿಂದ.

“ಅವ್ವಗ ಮುಟ್ಟಿತ್ರಿ. ಉಳಿದದ್ದು ನೀವು ಉಣ್ರಿ. ಮುಂಜಾನಿಂದ ಒಲಿ ಮುಂದ ಅದೀರಿ. ಒಂದೀಟು ಕೂಡ್ರಿ.”

ಶಿವಗಂಗವ್ವ ತಟ್ಟೆಯನ್ನು ಕೆಳಗಿಟ್ಟಳು.

“ಹಬ್ಬದಾಗ ನನಗ ಕೂಡು ಅಂದವ ನೀನ ಮೊದಲು,” ಅಂದಳು.

ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ತಿಂದಳು.

ಸಂಜೆ ಅಜ್ಜ ಕೇಳಿದ, “ಒಲ್ಲೆ ಅಂದು ಬಂದ್ಯೇನು?”

“ಇಲ್ರಿ. ಒಲ್ಲೆ ಅನ್ನೋ ಪ್ರಸಂಗನ ಬರಲಿಲ್ಲ.”

“ಮತ್ತ ಕಷಾಯ?”

“ಮರ್ತಬಿಟ್ಟಿದ್ದೆ ನೋಡ್ರಿ.”

ಆಮೇಲೆ ಪ್ರತಿ ಮನೆಯಲ್ಲೂ ಹೀಗೇ. ಒಂದು ಚೂರು ಪ್ರಸಾದ, ಒಂದು ಲೋಟ ನೀರು, ನಾಲ್ಕು ಮಾತು. ಭಜನೆಯಲ್ಲಿ ಒಂದು ಪದಕ್ಕೆ ದನಿಗೂಡಿಸಿ ಬಂದು ಮಲಗುತ್ತಿದ್ದ. ನಿದ್ದೆಯಲ್ಲೂ ಹೊಳೆ ಹರಿಯುವುದು ಕೇಳುತ್ತಿತ್ತು.

ದಸರೆಯ ಬೆಳಗಿನ ಜಾವ. ಹೊಳೆಯ ಮೇಲೆ ಮಂಜು. ಆಚೆ ದಂಡೆ ಇದೆಯೋ ಇಲ್ಲವೋ ತಿಳಿಯದು. ಘಟದಲ್ಲಿ ಉಳಿದ ಸಸಿ ಕಡಿಮೆ, ಆದರೆ ಉಳಿದವು ನೆಟ್ಟಗೆ ನಿಂತಿದ್ದವು. ಕರಿಬಸು ನಡುಮಟ್ಟ ನೀರಿಗಿಳಿದ.

ಬಾಯಿ ತೆರೆದ. ಮೊದಲ ಸಾಲಿಗೇ ದನಿ ಒಡೆಯಿತು. ದಂಡೆಯ ಮೆಟ್ಟಿಲ ಮೇಲೆ ಕೂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಅವನು ಬಲ ಹಾಕಲಿಲ್ಲ. ಕಣ್ಣು ಮುಚ್ಚಿ, ನೀರು ಎಷ್ಟು ಸದ್ದು ಮಾಡುತ್ತಿತ್ತೋ ಅಷ್ಟೇ ಸಣ್ಣಗೆ ಮತ್ತೆ ಎತ್ತಿಕೊಂಡ. ಈಗ ದನಿ ಬಂತು. ಮಂಜಿನೊಳಗೆ ಹೋಯಿತು, ಆಚೆಯಿಂದ ತಿರುಗಿ ಬಂತು, ಅಲ್ಲಿಯೂ ಯಾರೋ ನಿಂತು ಹಾಡಿದ ಹಾಗೆ. ಪದ ಯಾವಾಗ ಮುಗಿಯಿತು ಅಂತ ಅವನಿಗೇ ತಿಳಿಯಲಿಲ್ಲ.

ಹೆಂಗಸರು ಸಸಿ ಕಿತ್ತು ಹಂಚಿದರು. ಶಿವಗಂಗವ್ವ ಸಸಿಯ ಒಂದು ಎಸಳನ್ನು ಕರಿಬಸುವಿನ ಕಿವಿಗೆ ಸಿಕ್ಕಿಸಿದಳು.

ಅವನು ಒದ್ದೆ ಬಟ್ಟೆಯಲ್ಲೇ ಬಂದು ಅಜ್ಜನ ಪಕ್ಕ ಕೂತ. ಏನೋ ಹೇಳಬೇಕು ಅಂತ ಬಂದವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೆರಗಾದ.

“ಅಜ್ಜಾರ,” ಅಂದ, “ನನಗ ಹಸಿವಾಗೇತ್ರಿ.”

ಅಜ್ಜ ಕಣ್ಣು ತೆರೆದು ಅವನನ್ನು ನೋಡಿದ.

“ಹಂಗಾದ್ರ ಅವ್ವ ಬಂದಾಳ. ಎಲಿ ಹಾಕು.”