ಜೊತೆಗೆ ಬಂದ ಪ್ಯಾಕೇಜು

ಹೊಳೆಯ ಎಡದಂಡೆಯಲ್ಲಿ ಮರುಳಯ್ಯನವರ ಆಶ್ರಮ. ಬಲದಂಡೆ ಎನ್ನುವವರೂ ಇದ್ದಾರೆ. ಅವರು ದೋಣಿಯಲ್ಲಿ ಬೆನ್ನು ತಿರುಗಿಸಿ ಕೂತು ಬಂದವರು.

ಆಶ್ರಮದಲ್ಲಿ ಇದ್ದದ್ದು ಮೂರು ಚಾಪೆ, ಒಂದು ಹಸು, ಒಂದು ಕಂಪ್ಯೂಟರು. ಓಲೆಗರಿಯ ಹಳೆಯ ಗ್ರಂಥಗಳನ್ನೆಲ್ಲ ಆ ಕಂಪ್ಯೂಟರಿಗೆ ಇಳಿಸಿದ್ದರು. ಅದು ಯುನಿಕ್ಸ್ ಕುಲದ್ದು, ಹೇಳಿದ್ದನ್ನಷ್ಟೇ ಮಾಡುವ ಸಾಧು ಪ್ರಾಣಿ. ಹಸು ಹಾಗಲ್ಲ.

ಎರಡನ್ನೂ ನೋಡಿಕೊಳ್ಳುತ್ತಿದ್ದವನು ಹಾಲೇಶ.

ಆರು ವರ್ಷದ ಹಿಂದೆ ವಿಶ್ವಾರಾಧ್ಯ ಎಂಬ ಬುದ್ಧಿವಂತ ಮರುಳಯ್ಯನವರ ಶಿಷ್ಯನಾಗಲು ಬಂದಿದ್ದ. ಅವನ ಹಾಸಿಗೆ ಹೊತ್ತುಕೊಂಡು ಜೊತೆಗೆ ಬಂದವನು ಹಾಲೇಶ. ಗುರುಗಳು ವಿಶ್ವಾರಾಧ್ಯನನ್ನು ಹೆಸರು ಹಿಡಿದು ಕರೆದರು. ಹಾಲೇಶನನ್ನು "ಏ ಜೊತೆಯವನೇ" ಎಂದರು. ಆರು ವರ್ಷವೂ ಹಾಗೇ ಎಂದರು.

ಹೋದ ಹುಣ್ಣಿಮೆಗೆ ವಿಶ್ವಾರಾಧ್ಯ, ಕಲಿತದ್ದು ಸಾಕೆಂದು ಹೊರಟುಹೋದ. ಹಾಸಿಗೆಯನ್ನು ತಾನೇ ಹೊತ್ತುಕೊಂಡ.

ಹಾಲೇಶ ಉಳಿದ. ಹೋಗು ಎಂದು ಯಾರೂ ಹೇಳಿರಲಿಲ್ಲ. ಇರು ಎಂದೂ ಯಾರೂ ಹೇಳಿರಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ಅಪ್‌ಡೇಟಿನ ದಿನ. ಒಂದು ಸಾಲು ಟೈಪ್ ಮಾಡಿದರೆ ಸಾಕು, ಅಪ್‌ಡೇಟ್ ಮಾಡುವ ಸಲಕರಣೆ ಒಳಗಿರುವ ಪ್ಯಾಕೇಜುಗಳನ್ನೆಲ್ಲ, ಅಂದರೆ ಪ್ರೋಗ್ರಾಮಿನ ಕಟ್ಟುಗಳನ್ನೆಲ್ಲ, ತಡಕಾಡಿ, ಹಳತನ್ನು ಎಬ್ಬಿಸಿ ಹೊಸತನ್ನು ಕೂರಿಸುತ್ತಿತ್ತು. ಹಾಲೇಶ ಅವತ್ತು ವಿಶ್ವಾರಾಧ್ಯ ಬಿಟ್ಟುಹೋದ ಪುಟ ಜೋಡಿಸುವ ಪ್ರೋಗ್ರಾಮನ್ನು ತೆಗೆದುಹಾಕಿ, ಎಂದಿನಂತೆ ಅಪ್‌ಡೇಟ್ ಕೊಟ್ಟ.

ಕೆಲಸ ಮುಗಿಸಿದ ಸಲಕರಣೆ ಪರದೆಯ ಮೇಲೆ ಬರೆಯಿತು: "ಈ ಒಂಬತ್ತು ಪ್ಯಾಕೇಜುಗಳು ಬೇರೊಂದರ ಜೊತೆಗೆ ಬಂದವು. ಈಗ ಯಾರಿಗೂ ಬೇಕಿಲ್ಲ. ತೆಗೆಯಲೇ?"

ಹಾಲೇಶ ಅದನ್ನು ಎರಡು ಸಲ ಓದಿದ. ಕೆಳಗೆ ಪಟ್ಟಿಯಲ್ಲಿದ್ದ ಒಂಬತ್ತು ಹೆಸರು ಓದಲಿಲ್ಲ. ಆ ಮಾತನ್ನಷ್ಟೇ ಓದಿದ.

ಗುರುಗಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ಒಬ್ಬರ ಜೊತೆಗೆ ಬಂದದ್ದು, ಅವರು ಹೋದಮೇಲೆ ಹೋಗಲೇಬೇಕೇ?"

"ಯಾರು ಕೇಳ್ತಿರೋದು?"

"ಕಂಪ್ಯೂಟರು."

ಗುರುಗಳು ಕನ್ನಡಕದ ಮೇಲಿಂದ ನೋಡಿದರು. "ಕಂಪ್ಯೂಟರಿಗೆ ಯಾವಾಗ ಗಂಟಲು ಕಟ್ಟಿತು?"

ಗುರುಗಳು ಇನ್ನೊಂದು ಕಾಯಿ ಎತ್ತಿಕೊಂಡರು.

"ಸಲಕರಣೆ ಏನನ್ನುತ್ತೆ?"

"ಯಾರಿಗೂ ಬೇಕಿಲ್ಲ, ತೆಗೆಯಲೇ ಅನ್ನುತ್ತೆ."

"ಅದು ಸುಳ್ಳು ಹೇಳೋ ಪೈಕಿ ಅಲ್ಲ. ತೆಗಿ."

ಹಾಲೇಶ ಒಳಗೆ ಹೋಗಿ 'ಹೌದು' ಒತ್ತಿದ. ಒಂಬತ್ತೂ ಹೋದವು. ಮೂರು ಸಲ ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ.

ಆಮೇಲೆ ಅವನು ಎರಡು ಪಂಚೆ, ಒಂದು ಲೋಟ ಸೇರಿಸಿ ಗಂಟು ಕಟ್ಟಿದ. ಬಾಗಿಲ ಹಿಂದೆ ಇಟ್ಟ. ಹೊಳೆಯಲ್ಲಿ ಒಂದು ಮುಳುಗು ಹಾಕಿ ಬಂದು ಅಪ್ಪಣೆ ಕೇಳೋಣವೆಂದು ಹೋದ.

ಒದ್ದೆ ತಲೆಯಲ್ಲಿ ಬಂದಾಗ ಗುರುಗಳು ಕಂಪ್ಯೂಟರಿನ ಮುಂದೆ, ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದರು.

"ಜೊತೆಯವನೇ, ನನ್ನ ಕನ್ನಡಕ ಕಂಡೆಯಾ?"

"ಈಗ ತಾನೇ ಮೂಗಿನ ಮೇಲಿತ್ತಲ್ಲ ಗುರುಗಳೇ."

"ಮೂಗು ಇದೆ, ಅದಿಲ್ಲ. ಹೋಗಲಿ, ಹಾಗೇ ಓದ್ತೀನಿ, ಕೇಳು." ಗುರುಗಳು ರಾಗವಾಗಿ ಓದಿದರು. "ಚೌಕ ಚೌಕ ಚೌಕ, ಚೌಕ ಚೌಕ. ಆಹಾ, ಎಂಥ ಗಹನ!"

ಹಾಲೇಶ ಬಗ್ಗಿ ನೋಡಿದ. ಓಲೆಗರಿಯ ಸಾಲು ಸಾಲೂ ಖಾಲಿ ಚೌಕಗಳು. ಒಂದು ಕನ್ನಡದ ಅಕ್ಷರವೂ ಇಲ್ಲ.

"ನನ್ನ ಕಣ್ಣೋ, ಯಂತ್ರವೋ?"

"ತಪ್ಪಾಯಿತು ಗುರುಗಳೇ. ಕನ್ನಡದ ಅಕ್ಷರ ಮೂಡಿಸೋ ಫಾಂಟ್ ಹೋಗಿದೆ. ಅದೂ ವಿಶ್ವಾರಾಧ್ಯನ ಪ್ರೋಗ್ರಾಮಿನ ಜೊತೆಗೆ ಬಂದಿತ್ತು. ಆ ಒಂಬತ್ತರಲ್ಲಿ ಅದೂ ಇತ್ತು. ನಾನು ಹೆಸರು ಓದಲಿಲ್ಲ."

"ಯಾರಿಗೂ ಬೇಕಿಲ್ಲ ಅಂದಿತ್ತಲ್ಲ? ಹಾಗಾದರೆ ಸುಳ್ಳು ಹೇಳಿತೇ?"

"ಇಲ್ಲ. ಬೇರೆ ಯಾವ ಪ್ಯಾಕೇಜಿಗೂ ಅದು ಬೇಕಿರಲಿಲ್ಲ. ಓದೋರಿಗೆ ಬೇಕು ಅನ್ನೋದು ಸಲಕರಣೆಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಹೇಳಬೇಕು."

"ಆರು ವರ್ಷ ದಿನಾ ಓದಿದ್ದೀವಿ. ಯಾರೂ ಹೇಳಲಿಲ್ಲವೇ?"

"ಇದ್ದೇ ಇರುತ್ತಲ್ಲ ಅಂದುಕೊಂಡೆವು."

"ಹೂಂ," ಎಂದು ಗುರುಗಳು ಕಿವಿ ಕೆರೆದುಕೊಂಡರು. ಎಡಗಿವಿ. ಈ ಕಥೆ ಹೇಳುವವರಲ್ಲಿ ಅದೊಂದರ ಬಗ್ಗೆ ಜಗಳವಿಲ್ಲ.

"ಈಗೇನು ಮಾಡ್ತೀಯ?"

"ಮತ್ತೆ ತರಿಸ್ತೀನಿ. ಈ ಸಲ ಹೆಸರು ಹಿಡಿದು ಕೇಳ್ತೀನಿ."

"ಹೆಸರು ಹಿಡಿದರೆ ಏನಾಗುತ್ತೆ?"

"ಜೊತೆಗೆ ಬಂದದ್ದು ಅನ್ನೋ ಗುರುತು ಅಳಿಸಿಹೋಗುತ್ತೆ. ಕೇಳಿ ತರಿಸಿಕೊಂಡದ್ದು ಅಂತ ಬರೆದುಕೊಳ್ಳುತ್ತೆ. ಆಮೇಲೆ ಯಾರು ಬರಲಿ, ಯಾರು ಹೋಗಲಿ, ಸಲಕರಣೆ ಅದರ ತಂಟೆಗೆ ಹೋಗೋದಿಲ್ಲ."

"ಅಷ್ಟೇನಾ?"

"ಒಂದೇ ಸಾಲು ಗುರುಗಳೇ."

ಹಾಲೇಶ ಆ ಒಂದು ಸಾಲು ಟೈಪ್ ಮಾಡಿದ. ಚೌಕಗಳು ಒಮ್ಮೆ ಅಲುಗಾಡಿ ಅಕ್ಷರಗಳಾದವು. ಹಿತ್ತಲಲ್ಲಿ ಹಸು ಅಂಬಾ ಎಂದಿತಂತೆ. ಅದು ಹುಲ್ಲಿಗೂ ಇರಬಹುದು.

"ಬಂತೇ?"

"ಬಂತು ಗುರುಗಳೇ. ಎಲ್ಲ ಬಂತು."

"ನನಗೆ ಬರೀ ಮಂಜು." ಗುರುಗಳು ನಗುತ್ತಾ ಎದ್ದು ಜಗಲಿಗೆ ಹೋದರು. ಅವರೆಕಾಯಿಯನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೆ ಸುಲಿಯತೊಡಗಿದರು.

ಹಾಲೇಶ ಬಂದು ಕೈ ಮುಗಿದು ನಿಂತ. "ಗುರುಗಳೇ, ನಾನು ಇನ್ನು..."

ಬಾಗಿಲ ಕಡೆ ನೋಡಿದ.

ಗುರುಗಳು ತಲೆ ಎತ್ತಲಿಲ್ಲ.

"ಹಾಲೇಶಾ, ನನ್ನ ಕನ್ನಡಕ ಬಾಗಿಲ ಹಿಂದಿರೋ ನಿನ್ನ ಗಂಟಿನ ತಳದಲ್ಲಿದೆ. ಗಂಟು ಬಿಚ್ಚಿ, ಎಲ್ಲ ಹೊರಗಿಟ್ಟು, ತಂದುಕೊಡು."