ಗಾಳಿಗೆ ಬೆನ್ನು ಕೊಟ್ಟ ಚೀಲಪ್ಪ

ಮಕ್ಕಳೇ, ಒಂದು ಕಡೆ ಕಣ್ಣಿಗೆ ಕಾಣುವಷ್ಟು ದೂರವೂ ಮರಳುಗಾಡು, ಇನ್ನೊಂದು ಕಡೆ ಕಡಲು. ಇವೆರಡರ ನಡುವೆ ಒಂದು ಕೊಲ್ಲಿ. ಅಲ್ಲಿ ಮರವಿಲ್ಲ, ಗರಿಕೆ ಹುಲ್ಲೂ ಇಲ್ಲ. ಬೆಳಗ್ಗೆ ಗಾಳಿ, ಮಧ್ಯಾಹ್ನ ಗಾಳಿ, ಸಂಜೆಗೆ ಇನ್ನೂ ಜೋರು ಗಾಳಿ. ಇಂಥ ಕಡೆ ಯಾರಿರುತ್ತಾರೆ ಅಂತೀರಾ? ಹಕ್ಕಿಗಳು. ಒಂದೆರಡಲ್ಲ, ಲಕ್ಷಗಟ್ಟಲೆ.

ಆ ಕೊಲ್ಲಿಗೆ ಒಂದು ದಿನ ಚೀಲಪ್ಪ ಎಂಬ ಹೆಜ್ಜಾರ್ಲೆ ನೆಂಟನಾಗಿ ಬಂದ. ಹೆಜ್ಜಾರ್ಲೆ ಗೊತ್ತಲ್ಲ, ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ಹಕ್ಕಿ. ಅವನ ಊರು ದೂರದ ಒಂದು ಕೆರೆ. ಹೋದ ವರ್ಷ ಬೆಳ್ಳಮ್ಮ ಎಂಬ ಪುಟ್ಟ ಕಡಲಹಕ್ಕಿ ಬಿರುಗಾಳಿಗೆ ಸಿಕ್ಕಿ ಆ ಕೆರೆಗೆ ಬಂದು ಬಿದ್ದಿದ್ದಳು. ಚೀಲಪ್ಪ ನಾಲ್ಕು ದಿನ ಮೀನು ಕೊಟ್ಟು ನೋಡಿಕೊಂಡಿದ್ದ. ಆ ಋಣಕ್ಕೆ ಈಗ ಅವಳೇ ಅವನನ್ನು ತನ್ನ ಕೊಲ್ಲಿಗೆ ಕರೆದಿದ್ದಳು. ಮನಸ್ಸು ಒಳ್ಳೆಯದು ಅವನದು, ಎರಡು ಮಾತಿಲ್ಲ. ಆದರೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಮಾತ್ರ ಚೀಲದ ತುಂಬ ಇತ್ತು.

ಕೊಲ್ಲಿ ಕಂಡ ಕೂಡಲೇ ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ರಾಜಹಂಸಗಳು ಎಷ್ಟು ಒತ್ತಾಗಿ ನಿಂತಿದ್ದವೆಂದರೆ ದಡದ ನೀರೆಲ್ಲ ಗುಲಾಬಿ ಬಣ್ಣ.

"ನಮ್ಮ ಕೆರೆಯ ಹಕ್ಕಿಗಳನ್ನೆಲ್ಲ ತಂದರೂ ಇಲ್ಲಿಯ ಒಂದು ಮೂಲೆಗೆ ಸಾಲದಲ್ಲ ಬೆಳ್ಳಮ್ಮ," ಎಂದ. ಹೊಗಳುವುದರಲ್ಲಿ ಅವನೇನೂ ಜಿಪುಣನಲ್ಲ.

ಆದರೆ ಒಂದು ವಿಷಯ ನೋಡಿ ಅವನಿಗೆ ನಗು ಬಂತು. ಅಲ್ಲಿದ್ದ ಹಕ್ಕಿಗಳೆಲ್ಲ ಗಾಳಿಗೇ ಮುಖ ಕೊಟ್ಟು ನಿಂತಿದ್ದವು.

"ಕಣ್ಣಿಗೆ ಮರಳು ಹೊಡೆಯಲ್ವಾ? ಬೆನ್ನು ತಿರುಗಿಸಿದರೆ ಆಯ್ತಪ್ಪ," ಎಂದ.

"ನಮ್ಮ ಕಡೆ ಹೀಗೇ ಕಣಪ್ಪ. ಯಾಕೆ ಅಂತ ಕೇಳಿದರೆ ಹೇಳುತ್ತೇನೆ," ಎಂದ ಉದ್ದಜ್ಜ. ಅವನು ಅಲ್ಲಿಯ ಎಲ್ಲರಿಗಿಂತ ಹಿರಿಯ ರಾಜಹಂಸ.

"ನಿಲ್ಲೋದಕ್ಕೂ ಪಾಠ ಬೇಕಾ ಅಜ್ಜ?" ಚೀಲಪ್ಪ ಚೀಲ ಅಲ್ಲಾಡಿಸಿ ನಕ್ಕ.

ಮರುದಿನ ಬೆಳ್ಳಮ್ಮ ಬಂದು ಹೇಳಿದಳು: "ಅಣ್ಣಾ, ರೆಕ್ಕೆಗೆ ಪೆಟ್ಟಾಗಿ ನನ್ನ ಗಂಡ ಆಚೆ ದಡದಲ್ಲೇ ಉಳಿದಿದ್ದಾನೆ. ಮೀನಿಗೆ ನಾನೇ ಹೋಗಬೇಕು. ಈ ಸಲ ಇಟ್ಟಿರುವುದು ಇದೊಂದೇ ಮೊಟ್ಟೆ. ಸ್ವಲ್ಪ ನೋಡಿಕೊಳ್ಳುತ್ತೀರಾ?"

"ಅದಕ್ಕೇನಂತೆ, ಕಾವು ಕೊಡುತ್ತೇನೆ."

"ಅಯ್ಯೋ, ಕೂರಬೇಡಿ, ಅಪ್ಪಚ್ಚಿಯಾದೀತು. ಗಾಳಿ ಬರುವ ಕಡೆ ಅಡ್ಡ ನಿಲ್ಲಿ, ಸಾಕು. ಮುಖ ಮಾತ್ರ ಗಾಳಿಗೇ ಇರಲಿ. ಯಾಕೆಂದರೆ..."

"ಗೊತ್ತು, ಗೊತ್ತು. ನೀನು ಹೋಗಿ ಬಾ."

ಮರಳಲ್ಲಿ ಒಂದು ಚಿಕ್ಕ ಗುಣಿ, ಅದೇ ಬೆಳ್ಳಮ್ಮನ ಗೂಡು. ಚೀಲಪ್ಪ ಅದಕ್ಕೆ ಅಡ್ಡ ನಿಂತ. ಸ್ವಲ್ಪ ಹೊತ್ತಿಗೇ ಕಣ್ಣು ಉರಿಯತೊಡಗಿತು. "ಯಾರು ನೋಡುತ್ತಾರೆ," ಎಂದು ಬೆನ್ನು ತಿರುಗಿಸಿದ.

ಗಾಳಿ ಅವನ ಗರಿಗಳ ಅಡಿಗೆ ನುಗ್ಗಿತು. ಬಾಲ ಮೇಲೆ, ತಲೆ ಕೆಳಗೆ. ನೆಂಟರು ಉರುಳುತ್ತಾ ಹೋಗಿ ನೀರಿಗೆ ಬಿದ್ದರು. ಎದ್ದು ಒದ್ದಾಡಿ ಬರುವಷ್ಟರಲ್ಲಿ ಗುಣಿ ಮುಚ್ಚಿಹೋಗಿತ್ತು. ಎತ್ತ ನೋಡಿದರೂ ಒಂದೇ ಮರಳು, ಮೊಟ್ಟೆ ಎಲ್ಲಿತ್ತೆಂದೇ ತಿಳಿಯಲಿಲ್ಲ.

ಅಷ್ಟರಲ್ಲಿ ಬೆಳ್ಳಮ್ಮ ಬಂದಳು. ಅವಳ ಕೊಕ್ಕಿನಿಂದ ಮೀನು ಜಾರಿ ಬಿತ್ತು.

"ನಾನು ಬೆನ್ನು ತಿರುಗಿಸಿದೆ ತಾಯಿ. ತಪ್ಪು ನನ್ನದೇ," ಎಂದ ಚೀಲಪ್ಪ.

ಬೆಳ್ಳಮ್ಮ ಬೈಯಲಿಲ್ಲ. "ನಿನ್ನೆಯಿಂದ ಮರಿ ಒಳಗಿಂದ ಕೂಗುತ್ತಿತ್ತು. ಈ ಗಾಳಿಯಲ್ಲಿ ಅದರ ದನಿ ಹೇಗೆ ಕೇಳಲಿ?" ಎಂದು ಮರಳಿನ ಮೇಲೆ ಅತ್ತಿಂದಿತ್ತ ಓಡಾಡಿದಳು. ಅವಳು ನಾಲ್ಕು ಮಾತು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚೀಲಪ್ಪನಿಗೆ.

"ದೊಡ್ಡವರೆಲ್ಲ ಸಾಲಾಗಿ ಬನ್ನಿ, ಗಾಳಿಗೆ ಅಡ್ಡ ನಿಲ್ಲೋಣ," ಎಂದ ಉದ್ದಜ್ಜ.

"ಗಾಳಿ ಜೋರಾಗಿರುವ ಜಾಗ ನನಗೆ ಕೊಡಿ ಅಜ್ಜ. ಹೇಗೆ ನಿಲ್ಲಬೇಕು, ಹೇಳಿಕೊಡಿ," ಎಂದ ಚೀಲಪ್ಪ.

"ಕಾಲು ಅಗಲಿಸು, ಎದೆ ತಗ್ಗಿಸು, ಕೊಕ್ಕು ಗಾಳಿಗೆ ನೇರ ಹಿಡಿ. ಮುಂದಿನಿಂದ ಬರುವ ಗಾಳಿ ಗರಿಗಳನ್ನು ಮೈಗೆ ಒತ್ತುತ್ತದೆ. ಹಿಂದಿನಿಂದ ಬಂದರೆ ಗರಿ ಎಬ್ಬಿಸಿ ನಿನ್ನನ್ನೇ ಎತ್ತಿ ಒಗೆಯುತ್ತದೆ."

"ನಿನ್ನೆಯೇ ಕೇಳಬೇಕಿತ್ತು."

"ಕೇಳಬೇಕಿತ್ತು," ಎಂದ ಅಜ್ಜ.

ನೂರಾರು ಹಕ್ಕಿಗಳು ರೆಕ್ಕೆಗೆ ರೆಕ್ಕೆ ತಾಗಿಸಿ ನಿಂತವು. ಆ ಸಾಲಿನ ಹಿಂದೆ ಗಾಳಿ ಅಡಗಿತು. ಯಾರೂ ಪಿಟ್ಟೆನ್ನಲಿಲ್ಲ.

"ಕೀಂ."

ಬೆಳ್ಳಮ್ಮ ದನಿ ಬಂದ ಕಡೆಗೆ ಓಡಿದಳು, ಕಾಲಿನಿಂದ ಮರಳು ಕೆದರಿದಳು. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಸಂಜೆಯೊಳಗೆ ಅದು ಒಡೆದು, ಒದ್ದೆಯಾದ ಪುಟ್ಟ ಮರಿ ಹೊರಗೆ ಬಂತು. ಎಲ್ಲರೂ ಸಂತೋಷದಿಂದ ತಮ್ಮ ತಮ್ಮ ಜಾಗಕ್ಕೆ ಹೋದರು. ಚೀಲಪ್ಪ ಮಾತ್ರ ಗಾಳಿಗೆ ಮುಖ ಕೊಟ್ಟು ನಿಂತಲ್ಲೇ ನಿಂತಿದ್ದ.

ಮರುದಿನ ಮರಿ ನಡುಗುತ್ತಾ ಎದ್ದಿತು. ಒಂದು ಸುತ್ತು ತಿರುಗಿತು. ಆಮೇಲೆ ಗಾಳಿಗೆ ನೇರ ಮುಖ ಮಾಡಿ, ಪುಟ್ಟ ಕಾಲು ಅಗಲಿಸಿ ನಿಂತಿತು.

"ಅಬ್ಬಾ, ಇದಕ್ಕೆ ಯಾರು ಹೇಳಿಕೊಟ್ಟರು?" ಎಂದ ಚೀಲಪ್ಪ.

"ಅದು ಕಣ್ಣು ಬಿಟ್ಟಾಗಿನಿಂದ ಎದುರಿಗೆ ನಿಂತಿರುವವರು ಯಾರು ಅಣ್ಣಾ?" ಎಂದಳು ಬೆಳ್ಳಮ್ಮ.

ಚೀಲಪ್ಪನ ಕಣ್ಣಲ್ಲಿ ನೀರು ಬಂತು. ಮರಳು ಬಿತ್ತು ಅಂತ ಹೇಳಿದ. ನಾವೂ ಹಾಗೇ ಅಂದುಕೊಳ್ಳೋಣ.

ನೀತಿ: ಹೋದ ಊರಿನ ರೂಢಿ ಕಂಡು ನಗುವ ಮೊದಲು, ಅದು ಯಾಕೆಂದು ಕೇಳಿ ತಿಳಿದುಕೊಳ್ಳಬೇಕು.