ಕರಡಿ ಬರುವಷ್ಟು ಹೊತ್ತು

ಉತ್ತರ ಧ್ರುವದ ಹತ್ತಿರದ ಸಂಶೋಧನಾ ಶಿಬಿರಕ್ಕೆ ಏಳು ಜನ ಹೊರಟಿದ್ದರು. ಅಲ್ಲಿ ಹಿಮಕರಡಿಗಳ ಕಾಟ. ಮುಖ್ಯಸ್ಥರಾದ ಡಾ. ಪಟ್ಟಣಶೆಟ್ಟರು ಅಂಗಡಿಯಲ್ಲಿ ಬೆಳ್ಳಿ ಕುಸುರಿಯ ಬಂದೂಕೊಂದನ್ನು ಆರಿಸಿದರು. ಗುಂಡು ತುಂಬಲು ಎಳೆಯಬೇಕಾದ ಅದರ ಕೀಲು ಉಗುರಿನಷ್ಟು ಸಣ್ಣದು.

"ಆ ದೊಡ್ಡ ಕೀಲಿನ ಸಾದಾ ಬಂದೂಕೇ ವಾಸಿ ಸಾರ್," ಎಂದಳು ಜೊತೆಗೆ ಬಂದಿದ್ದ ಶಿಬಿರದ ಅಡುಗೆಯಾಕೆ.

"ಇದು ಸಾರಿಗೆ ಹುಣಸೆಹಣ್ಣು ಆರಿಸೋದಲ್ಲಮ್ಮ."

"ಸರಿ ಸಾರ್. ಅಲ್ಲಿನ ಚಳಿಗೆ ತಗೊಂಡ ದಪ್ಪ ಕೈಗವಸು ಹಾಕ್ಕೊಂಡು ಡಮ್ಮಿ ಗುಂಡು ತುಂಬಿ. ನಾನೇ ಕರಡಿ. ಬಾಗಿಲಿಂದ ನಿಧಾನಕ್ಕೆ ಬರ್ತೀನಿ."

ಶೆಟ್ಟರ ಬೆರಳುಗಳು ಕೀಲನ್ನು ಹುಡುಕುತ್ತಲೇ ಇದ್ದವು. ಗುಂಡು ನೆಲಕ್ಕುರುಳಿತು. ಆಕೆ ಬಂದು ಭುಜ ಮುಟ್ಟಿದಳು. "ತಿಂದಾಯ್ತು ಸಾರ್."

ಶೆಟ್ಟರು ಕೈಗವಸಿನಲ್ಲೇ ಬೆವರೊರೆಸಿಕೊಂಡು ಸಾದಾ ಬಂದೂಕು ಎತ್ತಿಕೊಂಡರು. "ಎಲ್ಲಿ, ಇನ್ನೊಂದ್ಸಲ ಬಾರಮ್ಮ ಕರಡಿ."

ಈ ಸಲ ಆಕೆ ಅರ್ಧ ದಾರಿಯಲ್ಲಿರುವಾಗಲೇ ಗುಂಡು ತುಂಬಿಯಾಗಿತ್ತು.

"ಹಾಗಾದ್ರೆ," ಎಂದಳು, "ವಾಪಸ್ ಬರೋ ದಿನದವರೆಗೂ ಏಳಕ್ಕೆ ಏಳೂ ಜನಕ್ಕೆ ಅಕ್ಕಿ ಕಟ್ಟಿಸ್ತೀನಿ ಸಾರ್."